ಬೀದಿ ದೀಪದ ಕೆಳಗೆ ಓದಿದವರೆಲ್ಲ ಏನಾದರು?

ಪ್ರಶ್ನೆ: "ಸಾರ್, ನಮ್ಮ ತಂದೆ ಬೀದಿ ದೀಪದ ಕೆಳಗೆ ಕೂತು ಓದಿ, ಸರ್ಕಾರಿ ಕೆಲಸ ಹಿಡಿದು, ನಮ್ಮನ್ನೆಲ್ಲ ಮೇಲಕ್ಕೆ ತಂದರು. ಈಗಿನ ಹುಡುಗರಿಗೆ ಕರೆಂಟ್ ಇದೆ, ಮೊಬೈಲ್ ಇದೆ, ಸ್ಕಾಲರ್‌ಶಿಪ್ ಇದೆ. ಆದರೂ ಬಡವರ ಮಕ್ಕಳು ಮೇಲೆ ಬರೋಕೆ ಆಗ್ತಿಲ್ಲ, ಅಂತರ ಜಾಸ್ತಿ ಆಗ್ತಿದೆ ಅಂತ ನೀವು ಬರೆಯುತ್ತೀರಿ. ಇದು ಸೋಮಾರಿತನ ಅಲ್ವಾ? ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದಲ್ವಾ?"

ಈ ಪ್ರಶ್ನೆ ಎಷ್ಟನೇ ಸಲ ಬರುತ್ತಿದೆಯೋ, ಲೆಕ್ಕ ಇಡೋದನ್ನು ಬಿಟ್ಟಿದ್ದೇನೆ. ಮೂವತ್ತಮೂರು ವರ್ಷ ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಮೊದಲು ಕ್ಲಾಸಿನಲ್ಲಿ ಹುಡುಗರು ಕೇಳುತ್ತಿದ್ದರು. ಆಮೇಲೆ ಅವರ ಅಪ್ಪಂದಿರು ಕೇಳಿದರು. ಈಗ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ, ಕೋಸಂಬರಿ ಬಡಿಸೋದರೊಳಗೆ ಪಕ್ಕದವರು ಕೇಳುತ್ತಾರೆ. ದೀಪ ಮಾತ್ರ ಬೇರೆ ಬೇರೆ. ಕೆಲವರ ಮನೆಯಲ್ಲಿ ಬುಡ್ಡಿ ದೀಪ, ಕೆಲವರದು ದೇವಸ್ಥಾನದ ಜಗುಲಿ, ಕೆಲವರದು ರೈಲ್ವೆ ಸ್ಟೇಷನ್. ಜೊತೆಗೆ ಬರಿಗಾಲಲ್ಲಿ ಶಾಲೆಗೆ ನಡೆದ ದೂರ ಒಂದಿರುತ್ತದೆ. ಅದು ವರ್ಷಕ್ಕೆ ಒಂದು ಮೈಲಿಯಂತೆ ಬೆಳೆಯುತ್ತಾ ಹೋಗುತ್ತದೆ.

ಪ್ರಶ್ನೆ ಕಳಿಸಿದವರ ತಂದೆಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಆ ದೀಪದ ಜೊತೆ.

ದೀಪಕ್ಕೆ ಹೋಗುವ ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳೋಣ. ಈಗ ಯಾರ ಕೈಯಲ್ಲಿ ಎಷ್ಟಿದೆ ಅನ್ನೋದು ಒಂದು. ಕೆಳಗಿನ ಮನೆಯಲ್ಲಿ ಹುಟ್ಟಿದ ಮಗು ಮುಂದೆ ಎಲ್ಲಿಗೆ ಮುಟ್ಟುತ್ತದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಅಂಕಿ ಇದೆ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಭಾರತದ ನೂರು ವರ್ಷದ ಲೆಕ್ಕ ಹಾಕಿದರು. 2022–23ರಲ್ಲಿ ದೇಶದ ಒಟ್ಟು ಆದಾಯದಲ್ಲಿ ಶೇ 22.6 ಹೋಗಿದ್ದು ಮೇಲಿನ ಶೇ 1 ಜನಕ್ಕೆ. ಸಂಪತ್ತಿನಲ್ಲಿ ಅವರ ಪಾಲು ಶೇ 40.1. ಎಂಬತ್ತರ ದಶಕದ ಶುರುವಿನಲ್ಲಿ ಇದೇ ಶೇ 1 ಜನರ ಆದಾಯದ ಪಾಲು ಶೇ 6ರ ಆಸುಪಾಸಿನಲ್ಲಿತ್ತು.

"ಇಲ್ಲ ಸಾರ್, ಭಾರತ ಜಗತ್ತಿನಲ್ಲೇ ನಾಲ್ಕನೇ ಸಮಾನ ದೇಶವಂತೆ, ಫಾರ್ವರ್ಡ್ ಬಂದಿತ್ತು" ಅನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. 2025ರಲ್ಲಿ ಓಡಾಡಿದ ಆ ಮಾತಿನಲ್ಲಿ ಭಾರತದ ಖರ್ಚಿನ ಲೆಕ್ಕವನ್ನು ಬೇರೆ ಎಷ್ಟೋ ದೇಶಗಳ ಆದಾಯದ ಲೆಕ್ಕದ ಪಕ್ಕ ಇಟ್ಟಿದ್ದರು. ಬಡವ ಬಂದಿದ್ದನ್ನೆಲ್ಲ ಖರ್ಚು ಮಾಡುತ್ತಾನೆ, ಶ್ರೀಮಂತ ಬಂದಿದ್ದರಲ್ಲಿ ಒಂದು ಚೂರು. ಇಬ್ಬರ ಕಿರಾಣಿ ಚೀಟಿ ನೋಡಿ ಇಬ್ಬರೂ ಹೆಚ್ಚುಕಮ್ಮಿ ಒಂದೇ ಅನ್ನಬಹುದು. ಪಾಸ್‌ಬುಕ್ ನೋಡಿದವರು ಹಾಗೆ ಹೇಳಲ್ಲ.

ಎರಡನೆಯ ವಿಷಯಕ್ಕೆ ನಮ್ಮಲ್ಲಿ ಒಂದು ಮಾತೇ ಇದೆ. ಏಳು ತಲೆಮಾರು ಕೂತು ತಿಂದರೂ ಕರಗದ ಆಸ್ತಿ ಅಂತೀವಿ. ಶ್ರೀಮಂತ ದೇಶಗಳ ಸಂಘಟನೆ ಒಇಸಿಡಿ 2018ರಲ್ಲಿ ಒಂದು ಲೆಕ್ಕ ಹಾಕಿತು. ತೀರಾ ಕೆಳಗಿನ ಶೇ 10ರಲ್ಲಿರುವ ಕುಟುಂಬವೊಂದು ದೇಶದ ಸರಾಸರಿ ಆದಾಯ ಮುಟ್ಟೋಕೆ ಎಷ್ಟು ತಲೆಮಾರು ಬೇಕು? ಡೆನ್ಮಾರ್ಕಿನಲ್ಲಿ ಎರಡು. ಅಮೆರಿಕದಲ್ಲಿ ಐದು. ಭಾರತದಲ್ಲಿ ಏಳು! ಅಂದರೆ ಒಂದು ಮನೆಯವರು ಏಳು ತಲೆಮಾರು ಕೂತು ತಿನ್ನುವ ಹೊತ್ತಿಗೆ ಇನ್ನೊಂದು ಮನೆಯವರು ಏಳು ತಲೆಮಾರು ನಿಂತು ದುಡಿದು ನಡು ಮಟ್ಟಕ್ಕೆ ಬಂದಿರುತ್ತಾರೆ.

ಈ ಏಳು ಎಲ್ಲಿಂದ ಬಂತು ಅಂತ ಕೇಳೇ ಕೇಳುತ್ತೀರಿ. ಅಪ್ಪನ ಹಿಂದುಳಿಕೆಯಲ್ಲಿ ಎಷ್ಟು ಪಾಲು ಮಗನಿಗೂ ದಾಟುತ್ತದೆ ಅಂತ ಅಳೆಯುತ್ತಾರೆ. ಸುಮ್ನೆ ಉದಾಹರಣೆಗೆ, ಸರಾಸರಿಗಿಂತ ಅಪ್ಪ ನೂರು ಮೆಟ್ಟಿಲು ಕೆಳಗಿದ್ದಾನೆ, ಅದರಲ್ಲಿ ಅರವತ್ತು ಪಾಲು ದಾಟುತ್ತದೆ ಅಂತಿಟ್ಟುಕೊಳ್ಳಿ. ಮಗ ಅರವತ್ತು ಮೆಟ್ಟಿಲು ಕೆಳಗಿರುತ್ತಾನೆ, ಮೊಮ್ಮಗ ಮೂವತ್ತಾರು, ಮರಿಮಗ ಇಪ್ಪತ್ತೆರಡು. ಅರವತ್ತರ ಬದಲು ಇಪ್ಪತ್ತು ಪಾಲು ಮಾತ್ರ ದಾಟಿದರೆ ಮೊಮ್ಮಗನ ಕಾಲಕ್ಕೇ ಅಂತರ ನಾಲ್ಕು ಮೆಟ್ಟಿಲಿಗೆ ಇಳಿದಿರುತ್ತದೆ. ಬೋರ್ಡಿನ ಮೇಲೆ ಇದನ್ನು ಬರೆದಾಗ ಹುಡುಗರು ನಗುತ್ತಿದ್ದರು. ತಮ್ಮ ಮನೆಯ ಲೆಕ್ಕ ಹಾಕಿ ನೋಡಿ ಅಂದ ಮೇಲೆ ಸುಮ್ಮನಾಗುತ್ತಿದ್ದರು.

ಈಗ ದೀಪಕ್ಕೆ ಬರೋಣ.

ನಮ್ಮೂರು ಮಲೆನಾಡಿನ ಒಂದು ಹಳ್ಳಿ. ಕೆಲವು ವರ್ಷಗಳ ಹಿಂದೆ ಅಲ್ಲಿನ ಶಾಲೆಗೆ ನೂರು ತುಂಬಿತು ಅಂತ ಹಳೇ ವಿದ್ಯಾರ್ಥಿಗಳನ್ನೆಲ್ಲ ಕರೆದಿದ್ದರು. ಊಟಕ್ಕೆ ಇನ್ನೂ ಹೊತ್ತಿತ್ತು. ಹೆಡ್ ಮೇಡಂ ಕಬ್ಬಿಣದ ಟ್ರಂಕಿನಿಂದ ಹಳೇ ದಾಖಲಾತಿ ಪುಸ್ತಕಗಳನ್ನು ತೆಗೆಸಿ ಮೇಜಿನ ಮೇಲಿಟ್ಟಿದ್ದರು. ನಾನು 1968ರ ಒಂದನೇ ಕ್ಲಾಸು ಹುಡುಕಿದೆ. ಪುಟದ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಶಾಯಿ ಮಾಸಿತ್ತು, ಹೆಸರುಗಳು ಮಾತ್ರ ಓದೋಕೆ ಬರುತ್ತಿದ್ದವು. ಒಟ್ಟು 34. ನನ್ನದು ಹನ್ನೊಂದನೆಯದು. ಕೊನೆಯ ಕಾಲಂ ಷರಾ. ಅದರಲ್ಲಿ ಮೇಷ್ಟ್ರ ದುಂಡು ಅಕ್ಷರ: "ದನ ಕಾಯಲು." "ತಾಯಿ ಖಾಯಿಲೆ." "ಊರು ಬಿಟ್ಟಿದ್ದಾರೆ." ಮತ್ತೆ "ದನ ಕಾಯಲು." ಹುಡುಗಿಯರ ಹೆಸರಿನ ಮುಂದೆ ಬರೀ ಒಂದು ಅಡ್ಡಗೆರೆ. ಅವರು ಶಾಲೆ ಬಿಟ್ಟಿದ್ದಕ್ಕೆ ಕಾರಣ ಬರೆಯಬೇಕು ಅಂತಲೂ ಯಾರಿಗೂ ಅನ್ನಿಸಿರಲಿಲ್ಲ.

ಆ 34ರಲ್ಲಿ ಎಸ್ಸೆಸ್ಸೆಲ್ಸಿ ಫೋಟೋದವರೆಗೆ ಬಂದವರು ಆರು ಜನ. ಆರರಲ್ಲಿ ಮೂವರನ್ನು ಅವತ್ತು ಸ್ಟೇಜಿನ ಮೇಲೆ ಕೂರಿಸಿ ಶಾಲು ಹೊದಿಸಿದರು. ಒಬ್ಬ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವನು, ಒಬ್ಬ ಎಂಜಿನಿಯರ್, ಇನ್ನೊಬ್ಬ ನಾನು. ಮೂವರೂ ಮೈಕ್ ಮುಂದೆ ಒಂದೇ ಮಾತು ಹೇಳಿದೆವು. ಕಷ್ಟಪಟ್ಟು ಓದಿದೆವು, ಮೇಲೆ ಬಂದೆವು, ನೀವೂ ಹಾಗೇ ಮಾಡಿ ಮಕ್ಕಳೇ. ಮಕ್ಕಳು ಚಪ್ಪಾಳೆ ತಟ್ಟಿದರು. "ದನ ಕಾಯಲು" ಅಂತ ಷರಾ ಬರೆಸಿಕೊಂಡವರಲ್ಲಿ ಒಬ್ಬ ಆ ಹೊತ್ತಿನಲ್ಲಿ ಅಡುಗೆ ಶೆಡ್ಡಿನ ಹಿಂದೆ ಸೌದೆ ಒಡೆಯುತ್ತಿದ್ದ. ನಮ್ಮ ಭಾಷಣ ಅವನಿಗೆ ಕೇಳಿಸಿರಬೇಕು. ಅವನ ಭಾಷಣ ಯಾರಿಗೂ ಕೇಳಿಸಲಿಲ್ಲ, ಯಾಕಂದರೆ ಅವನಿಗೆ ಮೈಕ್ ಕೊಟ್ಟಿರಲಿಲ್ಲ.

ಬೀದಿ ದೀಪದ ಕಥೆಯ ಮೊದಲ ತೊಂದರೆ ಇದು. ಈ ಕಥೆ ಹೇಳುವವರು ಯಾವಾಗಲೂ ಗೆದ್ದವರು ಅಥವಾ ಗೆದ್ದವರ ಮಕ್ಕಳು. ಅದೇ ದೀಪದ ಕೆಳಗೆ ಕೂತು, ಅಷ್ಟೇ ಓದಿ, ಎರಡು ಸಲ ಫೇಲಾಗಿ ಹೋಟೆಲ್ ಸೇರಿದವನ ಮಗ ನನಗೆ ಪತ್ರ ಬರೆಯಲ್ಲ. ದೀಪದ ಕೆಳಗೆ ಓದಿದವರಲ್ಲಿ ಎಷ್ಟು ಜನ ಮೇಲೆ ಬಂದರು ಅಂತ ಕೇಳಬೇಕು. ನಾವು ಮೇಲೆ ಬಂದವರನ್ನು ಹಿಡಿದು ನೀವು ದೀಪದ ಕೆಳಗೆ ಓದಿದ್ರಾ ಅಂತ ಕೇಳುತ್ತಿದ್ದೇವೆ. ಎರಡೂ ಒಂದೇ ಪ್ರಶ್ನೆ ಅಂದುಕೊಂಡವರಿಗೆ ನಾನು ಇಂಟರ್ನಲ್ಸ್‌ನಲ್ಲಿ ಅರ್ಧ ಮಾರ್ಕ್ಸೂ ಕೊಟ್ಟಿಲ್ಲ.

ಇನ್ನು ಆ ದೀಪವನ್ನೇ ನೋಡಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ಬೀದಿ ದೀಪದ ಕೆಳಗೆ ಓದಬೇಕು ಅಂದರೆ ಮೊದಲು ಬೀದಿ ದೀಪ ಇರುವ ಊರಲ್ಲಿ ಇರಬೇಕಲ್ಲ! ನಮ್ಮ ಕಡೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಕರೆಂಟು ನಾಡೆಲ್ಲ ಹೋಯಿತು. ಆ ಕರೆಂಟಿಗಾಗಿ ಮನೆ, ಗದ್ದೆ ಮುಳುಗಿಸಿಕೊಂಡವರು ಕಾಡಿನ ನಡುವೆ ಹೊಸ ಗುಡಿಸಲು ಹಾಕಿಕೊಂಡು ಎಷ್ಟೋ ವರ್ಷ ಚಿಮಣಿ ಬುಡ್ಡಿ ಹಚ್ಚಿದರು. ದೀಪ ತಾನಾಗಿ ಹೊತ್ತಲ್ಲ. ಯಾರದೋ ದುಡ್ಡಿನಲ್ಲಿ, ಯಾರೋ ತಗೊಂಡ ತೀರ್ಮಾನದಿಂದ, ಎಲ್ಲೋ ಒಂದು ಕಂಬ ನಿಂತಿರುತ್ತದೆ. ಆ ಕಂಬ ಪುರಸಭೆಯದು. ಕಥೆಯಲ್ಲಿ ಪುರಸಭೆಗೆ ಪಾತ್ರವೇ ಇಲ್ಲ.

ಸ್ಟೇಜಿನ ಮೇಲೆ ಕೂತಿದ್ದ ಮೂವರ ಕಂಬ ಯಾವುದು ಅಂತ ಹೇಳುತ್ತೇನೆ.

ಬ್ಯಾಂಕ್ ಮ್ಯಾನೇಜರ್ ಆದವನ ಅಪ್ಪ ಗೇಣಿದಾರ. ಗದ್ದೆ ಇನ್ನೊಬ್ಬರದು, ದುಡಿಮೆ ಇವರದು. ಸುಗ್ಗಿ ಆದ ಕೂಡಲೇ ಭತ್ತ ಅಳೆದು ಒಡೆಯರ ಮನೆಗೆ ಹೊತ್ತು ಹಾಕಬೇಕು. ಉಳಿದಿದ್ದರಲ್ಲಿ ಮಳೆಗಾಲ ದಾಟಬೇಕು. ಇದೇ ಗೇಣಿಯ ವಿಷಯಕ್ಕೇ ಸಾಗರದ ಹತ್ತಿರ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ಆಗಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದಿದ್ದರು, ಶಾಂತವೇರಿ ಗೋಪಾಲಗೌಡರು ಜೈಲಿಗೆ ಹೋಗಿದ್ದರು. ಅದಾಗಿ ಎರಡು ದಶಕದ ಮೇಲೆ ದೇವರಾಜ ಅರಸು ಸರ್ಕಾರದ, ಉಳುವವನಿಗೇ ಭೂಮಿ ಅನ್ನುವ ಭೂಸುಧಾರಣೆ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಊರಲ್ಲಿ ಅದಕ್ಕೆ ಡಿಕ್ಲರೇಷನ್ ಅಂತಲೇ ಹೆಸರು. ಈಗಲೂ "ಇದು ನಮಗೆ ಡಿಕ್ಲರೇಷನ್‌ನಲ್ಲಿ ಬಂದ ಜಮೀನು" ಅಂತಾರೆ. ಜಮೀನು ಹೆಸರಿಗೆ ಆದ ಮೇಲೆ ಭತ್ತ ಮನೆಯಲ್ಲೇ ಉಳಿಯಿತು. ಹುಡುಗ ಶಾಲೆಯಲ್ಲಿ ಉಳಿದ. ಅವನು ಓದಿದ್ದು ನಿಜ, ಹಗಲೂ ರಾತ್ರಿ ಓದಿದ. ಆದರೆ ಎಂಟನೇ ಕ್ಲಾಸಿಗೆ ಅವನು ಹೆಸರು ಹಚ್ಚಿಸಿದ್ದು ಆ ಫಾರಮ್ಮಿನ ಬಲದಿಂದ.

ಸೌದೆ ಒಡೆಯುತ್ತಿದ್ದವನ ಅಪ್ಪ ಗೇಣಿದಾರನೂ ಅಲ್ಲ, ಕೂಲಿ. ಕೂಲಿಯವರಿಗೆ ಡಿಕ್ಲರೇಷನ್ ಹಾಕೋಕೆ ಏನೂ ಇರಲಿಲ್ಲ. ಭೂಸುಧಾರಣೆಯ ದೊಡ್ಡ ಕೊರತೆ ಇದು. ಒಳ್ಳೇ ಕಾನೂನಿಗೂ ಬಾಗಿಲಾಚೆ ನಿಂತವರು ಇರುತ್ತಾರೆ.

ಎಂಜಿನಿಯರ್ ಆದವನು ಪರಿಶಿಷ್ಟ ಜಾತಿಯವನು. ಅವನ ಕಂಬ ತಾಲ್ಲೂಕು ಕೇಂದ್ರದ ಸರ್ಕಾರಿ ಹಾಸ್ಟೆಲ್, ಆಮೇಲೆ ಮೀಸಲಾತಿ. ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಮುದ್ದೆ ಸಾರು, ಒಂದು ಟ್ರಂಕ್ ಇಡುವಷ್ಟು ಜಾಗ. "ಉಪ್ಪಿಟ್ಟಿನಲ್ಲಿ ಹುಳ ಇರುತ್ತಿತ್ತು, ಆದರೆ ಉಪ್ಪಿಟ್ಟು ದಿನಾ ಇರುತ್ತಿತ್ತು" ಅಂತ ಅವನೇ ಹೇಳುತ್ತಾನೆ.

ನನ್ನ ಕಂಬ? ನಮ್ಮಪ್ಪ ಮೇಷ್ಟ್ರು. ಮನೆಗೆ ಪೇಪರ್ ಬರುತ್ತಿತ್ತು. ಲೆಕ್ಕ ಬಾರದಿದ್ದರೆ ಹೇಳಿಕೊಡೋಕೆ ಮನೆಯಲ್ಲೇ ಒಬ್ಬರಿದ್ದರು. ದನ ಕಾಯೋಕೆ ನನ್ನನ್ನು ಯಾರೂ ಕಳಿಸಲಿಲ್ಲ, ಅದಕ್ಕೆ ಬೇರೆಯವರ ಮಕ್ಕಳಿದ್ದರು. ಮೈಕ್ ಮುಂದೆ ಇದನ್ನು ನಾನೂ ಹೇಳಲಿಲ್ಲ.

ಓದು ಮುಗಿದ ಮೇಲಿನ ಕಥೆಯನ್ನೂ ಕೇಳಿ. ನಮ್ಮ ಕಾಲದಲ್ಲಿ ಕೆಲಸವೇ ಹುಡುಗರನ್ನು ಹುಡುಕಿಕೊಂಡು ಬರುತ್ತಿತ್ತು ಅಂದರೆ ತಪ್ಪಾಗುತ್ತದೆ, ಆದರೆ ಕೆಲಸ ಹುಟ್ಟುತ್ತಂತೂ ಇತ್ತು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ ಆದಾಗ ದೇಶದಲ್ಲಿ ಇದ್ದಿದ್ದು ಎಂಟು ಸಾವಿರ ಚಿಲ್ಲರೆ ಶಾಖೆ. 1990ರ ಹೊತ್ತಿಗೆ ಹತ್ತಿರ ಹತ್ತಿರ 60,000. ಪ್ರತಿ ಶಾಖೆಗೂ ಕ್ಲರ್ಕ್ ಬೇಕು, ಕ್ಯಾಷಿಯರ್ ಬೇಕು, ಅಟೆಂಡರ್ ಬೇಕು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಸಾಲಾಗಿ ನಿಂತಿದ್ದವು. ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷ ಫಿಟ್ಟರ್ ಕಲಿತವನಿಗೆ ಕಾಯಂ ನೌಕರಿ, ಕ್ಯಾಂಟೀನ್, ಆಸ್ಪತ್ರೆ, ಫ್ಯಾಕ್ಟರಿ ಬಸ್ಸು. ಅವನ ಮಗಳು ಎಂಜಿನಿಯರ್. ಆ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ಅದೇ ಫಿಟ್ಟರ್ ಸರ್ಟಿಫಿಕೇಟ್ ಹಿಡಿದ ಹುಡುಗ ಗುತ್ತಿಗೆ ಏಜೆನ್ಸಿಯ ಬನಿಯನ್ ಹಾಕಿಕೊಂಡು ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಸಹಿ ಮಾಡುತ್ತಾನೆ. 2018ರಲ್ಲಿ ರೈಲ್ವೆ ಸುಮಾರು 90,000 ಹುದ್ದೆಗೆ ಅರ್ಜಿ ಕರೆದಾಗ ಬಂದಿದ್ದು ಎರಡು ಕೋಟಿಗೂ ಜಾಸ್ತಿ. ಎರಡು ಕೋಟಿ ಜನ ಸೋಮಾರಿಗಳಾಗಿದ್ದರೆ ಅರ್ಜಿ ಯಾಕೆ ಹಾಕುತ್ತಿದ್ದರು?

"ಆದರೂ ಸಾರ್, ಕೂಲಿ ಕಾರ್ಮಿಕರ ಮಗಳು ಜಿಲ್ಲೆಗೇ ಫಸ್ಟ್ ಬಂದಳಲ್ಲ, ಪೇಪರಿನಲ್ಲಿತ್ತಲ್ಲ" ಅಂತ ಮುಂದಿನ ಪ್ರಶ್ನೆ. ಹೌದು, ಪ್ರತಿ ವರ್ಷ ರಿಸಲ್ಟ್ ಮಾರನೇ ದಿನ ಅಂಥ ಸುದ್ದಿ ಇರುತ್ತದೆ. ತಾಯಿ ಸಿಹಿ ತಿನ್ನಿಸುವ ಫೋಟೋ ಇರುತ್ತದೆ. ನಾನೂ ಕಣ್ಣೊರೆಸಿಕೊಂಡೇ ಓದುತ್ತೇನೆ. ಅದು ಯಾಕೆ ಸುದ್ದಿ ಅಂತ ಒಂದು ನಿಮಿಷ ಯೋಚಿಸಿ. ಡಾಕ್ಟರ ಮಗ ಡಾಕ್ಟರಾದ ಅಂತ ಯಾವ ಪತ್ರಿಕೆ ಬರೆದಿದೆ?

ಕಷ್ಟಪಡೋದೇ ಅಳತೆಗೋಲು ಆಗಿದ್ದರೆ ಬೆಳಿಗ್ಗೆ ಆರಕ್ಕೆ ಬೀದಿ ಗುಡಿಸುವ ಪೌರಕಾರ್ಮಿಕರು, ಬಿಸಿಲಲ್ಲಿ ಹತ್ತಿ ಬಿಡಿಸುವ ಹೆಂಗಸರು ಇಷ್ಟು ಹೊತ್ತಿಗೆ ಸದಾಶಿವನಗರದಲ್ಲಿ ಮನೆ ಮಾಡಿರಬೇಕಿತ್ತು. ಇಷ್ಟು ಹೇಳಿದ ಮೇಲೂ "ಆದರೂ" ಅನ್ನುವವರಿಗೆ ನನ್ನ ಹತ್ತಿರ ಬೇರೆ ಚಾಕ್‌ಪೀಸ್ ಇಲ್ಲ.

ಓದಿನ ಬೆಲೆ ಕಮ್ಮಿ ಆಯ್ತು ಅಂತ ನಾನು ಹೇಳುತ್ತಿಲ್ಲ. ಓದು ಎಲ್ಲರಿಗೂ ಸಿಕ್ಕ ಕೂಡಲೇ ಗೆಲ್ಲುವ ಜಾಗ ಮುಂದಕ್ಕೆ ಸರಿಯುತ್ತದೆ. ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಒಬ್ಬ ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕುತ್ತಾನೆ. ಆಮೇಲೆ ಅವನ ಮನೆಯವರು ನಿಧಾನಕ್ಕೆ ಹತ್ತಿ ಕೂರುತ್ತಾರೆ. ಕ್ಯೂನಲ್ಲಿ ಮೊದಲು ನಿಂತಿದ್ದ ಅಜ್ಜಿಗೆ ನಿಲ್ಲೋದೇ ಗತಿ. ಎಲ್ಲರ ಹತ್ತಿರವೂ ಟಿಕೆಟ್ ಇದೆ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಅನ್ನೋದೇ ಸೀಟು. ಈಗ ಡಿಗ್ರಿ ಬರೀ ಟಿಕೆಟ್. ಟವೆಲ್ ಅಂದರೆ ಎಲ್‌ಕೆಜಿಯಿಂದ ಇಂಗ್ಲಿಷು, ಎಂಟನೇ ಕ್ಲಾಸಿನಿಂದ ನೀಟ್ ಕೋಚಿಂಗು, "ನಮ್ಮ ಕಂಪನಿಯಲ್ಲಿ ಓಪನಿಂಗ್ ಇದೆ, ರೆಸ್ಯೂಮೆ ಕಳಿಸು" ಅನ್ನುವ ಚಿಕ್ಕಪ್ಪ. 2025ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಶಾಲೆ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಟ್ಯೂಷನ್ನಿಗೆ ಹೋಗುತ್ತಾರೆ. ಒಬ್ಬರು ಟವೆಲ್ ಹಾಕಿದರೆ ಪಕ್ಕದವರೂ ಹಾಕಲೇಬೇಕು.

ಹಾಗಾದರೆ ಮೊದಲಿಗಿಂತ ಈಗ ಮೇಲೆ ಬರೋದು ಕಷ್ಟ ಆಗಿದೆಯಾ? ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು, ನನ್ನ ಕಡೆಯವರೂ ಸ್ವಲ್ಪ ಜಾಸ್ತಿ ಎಳೆಯುತ್ತಾರೆ. ಅಮೆರಿಕದಲ್ಲಿ ಕಷ್ಟ ಆಗಿದೆ ಅಂತ ಖಚಿತವಾಗಿ ಹೇಳಬಹುದು. ಅಲ್ಲಿನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಲೆಕ್ಕ ಇದೆ. ಅಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ಶೇ 90 ಜನ ಅಪ್ಪ ಅಮ್ಮನಿಗಿಂತ ಜಾಸ್ತಿ ದುಡಿದರು. ಎಂಬತ್ತರ ದಶಕದಲ್ಲಿ ಹುಟ್ಟಿದವರಲ್ಲಿ ಶೇ 50. ಕುಸಿತಕ್ಕೆ ದೊಡ್ಡ ಕಾರಣ ಬೆಳವಣಿಗೆ ನಿಧಾನ ಆಗಿದ್ದಲ್ಲ, ಬೆಳೆದಿದ್ದು ಮೇಲಿನವರ ಪಾಲಾಗಿದ್ದು ಅಂತಲೂ ಅವರೇ ತೋರಿಸಿದರು. ನಮ್ಮಿಂದ ಹೋಗಿ ಅಲ್ಲಿ ನೆಲೆಸಿದವರು ಬೀದಿ ದೀಪದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಇದನ್ನೂ ಸೇರಿಸಿದರೆ ಒಳ್ಳೆಯದು.

ಭಾರತದ ಚಿತ್ರ ಬೇರೆ. ಆಶರ್, ನೊವೊಸಾದ್, ರಾಫ್ಕಿನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಅಪ್ಪ–ಮಗನ ವಿದ್ಯಾಭ್ಯಾಸ ಹೋಲಿಸಿ ನೋಡಿದರು. ಐವತ್ತರ ದಶಕದಲ್ಲಿ ಹುಟ್ಟಿದವರಿಂದ ಎಂಬತ್ತರ ದಶಕದಲ್ಲಿ ಹುಟ್ಟಿದವರವರೆಗೆ, ಮೇಲೆ ಬರುವ ಸಾಧ್ಯತೆ ಸರಾಸರಿಯಲ್ಲಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ನಿಂತಲ್ಲೇ ನಿಂತಿದೆ. ಆರ್ಥಿಕ ಉದಾರೀಕರಣ ಬಂದರೂ ಅಷ್ಟೇ. ಆದರೆ ಸರಾಸರಿಯ ಒಳಗೆ ಎರಡು ಕಥೆ ಇವೆ. ಪರಿಶಿಷ್ಟ ಜಾತಿಯ ಹುಡುಗರು ಮೇಲೆ ಬರುವ ಸಾಧ್ಯತೆ ಹೆಚ್ಚಿದೆ. ಮುಸ್ಲಿಂ ಹುಡುಗರದ್ದು ಇಳಿದಿದೆ. ಒಂದೇ ದೇಶ, ಒಂದೇ ಕಾಲ, ಒಂದೇ ಥರದ ಮೊಬೈಲು. ಹಾಸ್ಟೆಲ್, ಮೀಸಲಾತಿ, ರಾಜಕೀಯ ಪ್ರಾತಿನಿಧ್ಯ ಇದ್ದ ಕಡೆ ಏರಿಕೆ ಕಾಣುತ್ತದೆ. ಸೋಮಾರಿತನದಿಂದ ಇದನ್ನು ವಿವರಿಸಿ ನೋಡೋಣ.

ಹೆಣ್ಣುಮಕ್ಕಳ ಮಾತೇ ಎತ್ತಲಿಲ್ಲ ಅನ್ನಬೇಡಿ. ಇಂಥ ಅಧ್ಯಯನಗಳು ಬಹುಪಾಲು ಅಪ್ಪ–ಮಗನ ಲೆಕ್ಕವೇ. ಮದುವೆಯಾದ ಮಗಳು ಬೇರೆ ಮನೆಯ ಪಟ್ಟಿಗೆ ಸೇರಿರುತ್ತಾಳೆ, ಅವಳ ಅಪ್ಪ ಯಾರು ಅಂತ ಸಮೀಕ್ಷೆಯವರಿಗೆ ಗೊತ್ತಾಗಲ್ಲ. ನಮ್ಮೂರ ಪುಸ್ತಕದ ಅಡ್ಡಗೆರೆ ಇಲ್ಲೂ ಇದೆ.

ಪರಿಹಾರ ಏನು ಅಂತ ಪ್ರಶ್ನೆ ಕಳಿಸಿದವರು ಕೇಳಿಲ್ಲ, ಆದರೆ ಹೇಳದಿದ್ದರೆ ಇನ್ನೊಬ್ಬರು ಕೇಳುತ್ತಾರೆ. ನನ್ನ ಮಟ್ಟಿಗೆ ಮೊದಲ ದುಡ್ಡು ಹಾಸ್ಟೆಲ್ಲಿಗೆ. ಹಿಂದುಳಿದ ವರ್ಗದ ಹಾಸ್ಟೆಲ್, ಮೊರಾರ್ಜಿ ವಸತಿ ಶಾಲೆ, ಇವುಗಳ ಬಾಗಿಲಲ್ಲಿ ಜೂನ್ ತಿಂಗಳು ಸೀಟಿಗೆ ನಿಂತ ಅಪ್ಪ ಅಮ್ಮಂದಿರನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಎರಡನೆಯದು ಅಂಗನವಾಡಿ. ಆರು ವರ್ಷದ ಒಳಗೆ ತಿಂದ ಮೊಟ್ಟೆ, ಕಲಿತ ಹಾಡು, ಆಮೇಲಿನ ಯಾವ ಕೋಚಿಂಗಿನಲ್ಲೂ ಸಿಗಲ್ಲ. ಮೂರನೆಯದು, ಸರ್ಕಾರವೇ ತನ್ನ ಕಾಯಂ ಹುದ್ದೆಗಳನ್ನು ಗುತ್ತಿಗೆಗೆ ಕೊಡೋದನ್ನು ನಿಲ್ಲಿಸಬೇಕು. ಗ್ಯಾರಂಟಿಗಳ ಬಗ್ಗೆ ಕೇಳಿದರೆ, ತಿಂಗಳಿಗೆ 2,000 ರೂಪಾಯಿ ಯಾರನ್ನೂ ಸೋಮಾರಿ ಮಾಡಲ್ಲ, ಯಾರನ್ನೂ ಎಂಜಿನಿಯರೂ ಮಾಡಲ್ಲ. ಬಸ್ಸಿನ ವಿಷಯ ಮಾತ್ರ ಬೇರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜ್ ಇಲ್ಲ ಅಂದ ಮೇಲೆ ತಾಲ್ಲೂಕು ದಾಟಿ ಕಾಲೇಜಿಗೆ, ಕೆಲಸಕ್ಕೆ ಹೋಗೋಕೆ ಮನೆಯಲ್ಲಿ ದುಡ್ಡು ಕೇಳಬೇಕಾಗಿಲ್ಲ. ಅದನ್ನು ಬಿಟ್ಟಿ ಅಂತ ಕರೆಯುವವರು ಒಂದು ಸಲ ಬೆಳಗಿನ ಏಳೂವರೆ ಬಸ್ ಹತ್ತಿ ನೋಡಲಿ.

ದುಡ್ಡು ಎಲ್ಲಿಂದ? ಇಲ್ಲಿ ಜನಕ್ಕೆ ಮರೆತೇಹೋದ ಒಂದು ವಿಷಯ. ಈ ದೇಶದಲ್ಲಿ 1953ರಿಂದ 1985ರವರೆಗೆ ಸತ್ತವರ ಆಸ್ತಿಯ ಮೇಲೆ ತೆರಿಗೆ ಇತ್ತು. ತೀರಾ ದೊಡ್ಡ ಆಸ್ತಿಗೆ ದರ ಶೇ 85ರವರೆಗೂ ಹೋಗಿತ್ತು. ವಸೂಲಿ ಮಾತ್ರ ವರ್ಷಕ್ಕೆ 20 ಕೋಟಿ ಆಸುಪಾಸು. ಕೋರ್ಟು ಕಚೇರಿ ಖರ್ಚು ಜಾಸ್ತಿ, ಹುಟ್ಟುವಳಿ ಕಮ್ಮಿ ಅಂತ ತೆಗೆದರು. ಸಂಪತ್ತಿನ ತೆರಿಗೆಯೂ ಅದೇ ಮಾತಿನ ಮೇಲೆ 2015ರಲ್ಲಿ ಹೋಯಿತು. ಆಗ ವಸೂಲಿ ಸಾವಿರ ಕೋಟಿ ಚಿಲ್ಲರೆ. ಸೋರುವ ಬಿಂದಿಗೆಯನ್ನು ರಿಪೇರಿ ಮಾಡೋ ಬದಲು ಬಾವಿಯೇ ಬೇಡ ಅಂದಂತಾಯ್ತು. ಶೇ 85 ಅಂತ ದರ ಇಟ್ಟರೆ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಹತ್ತಾರು ಕೋಟಿ ದಾಟಿದ ಆಸ್ತಿಗೆ ಮಾತ್ರ ಸಣ್ಣ ದರ ಇಟ್ಟು, ಅದನ್ನು ಬಿಡದೆ ವಸೂಲಿ ಮಾಡಿದರೆ ಹಾಸ್ಟೆಲ್ಲಿನ ಉಪ್ಪಿಟ್ಟಿಗೆ ಸಾಕಾಗಿ ಮಿಗುತ್ತದೆ ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ, ಅವರಲ್ಲಿ ನನ್ನ ಭಾವಮೈದನೂ ಒಬ್ಬ.

ಆಸ್ತಿ ಅಂದ ಕೂಡಲೇ ಸೈಟು ನೆನಪಾಗುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ನನ್ನ ಪ್ರಕಾರ ಇವತ್ತು ಕರ್ನಾಟಕದಲ್ಲಿ ಮನೆ ಮನೆಯ ನಡುವಿನ ಗೆರೆ ಎಳೆಯೋದು ಸಂಬಳಕ್ಕಿಂತ ಜಾಸ್ತಿ ಈ ಸೈಟೇ.

1989ರಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ನನ್ನ ಸಂಬಳ ಮೂರು ಸಾವಿರದ ಹತ್ತಿರ. ಊರಾಚೆ ಹೊಸ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು ಮಂಜೂರಾಯ್ತು, 32,000 ರೂಪಾಯಿ. ಹನ್ನೊಂದು ತಿಂಗಳ ಸಂಬಳ ಅಂದುಕೊಳ್ಳಿ. ಕಂತು ಕಟ್ಟಿದೆ. ಆಗ ಅಲ್ಲಿ ಹುರುಳಿ ಬೆಳೆಯುತ್ತಿದ್ದರು. ಈಗ ಅದೇ ರಸ್ತೆಯಲ್ಲಿ ಖಾಲಿ ಸೈಟಿಗೆ 70 ಲಕ್ಷ ಕೇಳುತ್ತಾರೆ. ನಾನು ಪಾಠ ಮಾಡಿದ ಕ್ಲಾಸಿನಲ್ಲಿ ನನಗಿಂತ ಬುದ್ಧಿವಂತನಾಗಿದ್ದ ಒಬ್ಬ ಹುಡುಗ ಈಗ ಅದೇ ವಿಷಯಕ್ಕೆ ಅತಿಥಿ ಉಪನ್ಯಾಸಕ. ಕೆಲಸ ಇದ್ದ ತಿಂಗಳು ಕೈಗೆ ಮೂವತ್ತು ಮೂವತ್ತೈದು ಸಾವಿರ, ಇಲ್ಲದ ತಿಂಗಳು ಸೊನ್ನೆ. ಅವನಿಗೆ ಅದೇ ಸೈಟು ಇನ್ನೂರು ತಿಂಗಳ ಸಂಬಳ. ಹದಿನಾರು ವರ್ಷಕ್ಕೂ ಜಾಸ್ತಿ, ಒಂದು ಹೊತ್ತೂ ಊಟ ಮಾಡದೆ.

ಮೂವತ್ತಮೂರು ವರ್ಷ ಪಾಠ ಮಾಡಿ ನಾನು ಉಳಿಸಿದ್ದಕ್ಕಿಂತ ಸುಮ್ನೆ ಬಿದ್ದಿದ್ದ ಆ ಹುರುಳಿ ಹೊಲ ನನಗೆ ದುಡಿದುಕೊಟ್ಟಿದ್ದು ಜಾಸ್ತಿ. ಅಲ್ಲಿ ನಾನು ಕಷ್ಟಪಟ್ಟಿದ್ದು ಏನು? ಒಂದು ಅರ್ಜಿ ತುಂಬಿದೆ. ರಸ್ತೆ ಮಾಡಿದ್ದು ಸರ್ಕಾರ, ನೀರು ಕೊಟ್ಟಿದ್ದು ಸರ್ಕಾರ, ಹತ್ತಿರದಲ್ಲಿ ಆಸ್ಪತ್ರೆ ಬಂದಿದ್ದು ಬೇರೆಯವರ ದುಡ್ಡಿನಲ್ಲಿ. ಅಷ್ಟಕ್ಕೂ ಬೆಲೆ ಬಂದಿದ್ದು ನನ್ನ ಸೈಟಿಗೆ. ಹೊಲ ಬಿಟ್ಟುಕೊಟ್ಟ ರೈತನ ಮಗ ಈಗ ಅದೇ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ. ಗೇಟಿನಲ್ಲಿ ನನಗೆ ನಮಸ್ಕಾರ ಮಾಡುತ್ತಾನೆ. ಆ ಸೈಟನ್ನು ಕಳೆದ ವರ್ಷ ಮಗಳ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಮನೆಯವರಿಗೆ ಕೊಡುವ ದಾನಪತ್ರಕ್ಕೆ ರಿಜಿಸ್ಟ್ರಿ ಖರ್ಚು ಬಲು ಕಮ್ಮಿ, ಒಂದು ಮಧ್ಯಾಹ್ನದ ಕೆಲಸ. ಆಸ್ತಿ ತೆರಿಗೆ ಬೇಕು ಅಂತ ಬರೆಯುವ ಮನುಷ್ಯನೂ ನಾನೇ, ಕ್ಯೂನಲ್ಲಿ ನಿಂತು ಹೆಬ್ಬೆಟ್ಟು ಒತ್ತಿದವನೂ ನಾನೇ.

ಪ್ರಶ್ನೆ ಕಳಿಸಿದವರ ಪತ್ರದ ಕೊನೆಗೆ ಇನ್ನೊಂದು ಸಾಲಿತ್ತು. ತಂದೆಯವರು ಸರ್ವೀಸಿನಲ್ಲಿದ್ದಾಗ ತಗೊಂಡ ಸೈಟೊಂದಿದೆ, ಈಗ ಮಾರಬಹುದಾ, ಇನ್ನೂ ರೇಟ್ ಏರುತ್ತಾ ಅಂತ. ಅದನ್ನು ಬ್ರೋಕರ್ ಹತ್ತಿರ ಕೇಳಿ. ನನಗೆ ಒಂದು ಉಪಕಾರ ಮಾಡಿ. ತಂದೆಯವರು ಆಗ ಕಟ್ಟಿದ ಹಣದ ರಸೀದಿ ಮನೆಯ ಬೀರುವಿನಲ್ಲಿ ಎಲ್ಲೋ ಇರುತ್ತದೆ, ಅಂಥವರು ಬಿಸಾಡಿರಲ್ಲ. ಅದರ ಮೇಲಿನ ಮೊತ್ತ, ಆ ತಿಂಗಳ ಅವರ ಸಂಬಳ, ಎರಡನ್ನೂ ಬರೆದು ಕಳಿಸಿ.